ಅರ್ಧ ಚೀಲ ಜೋಳದ ಆಸರೆ

ಮೊನ್ನೆ ಮನೆಗೆ ಹೊಸ ಜೋಳ ಬಂತು. ಚೀಲದ ಹೊಲಿಗೆ ಬಿಚ್ಚಿದ ಕೂಡಲೇ ಗೋಣಿತಟ್ಟು, ಕಣದ ಧೂಳು, ಒಣಗಿದ ಕಾಳು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ಹೆಂಡತಿಗೆ ಸೀನು ಬಂತು. ನನಗೆ ತಂಗಿಯ ಮಗಳು ನೀಲಾ ನೆನಪಾದಳು. ಜೋಳಕ್ಕೂ ಆ ಹುಡುಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿರಲಿ. ನಾನು ಯಾವ ಮಾತನ್ನೂ ಬೇಗ ಮುಗಿಸಿದವನಲ್ಲ ಎಂಬುದು ಬೈಲಹೊಂಗಲದ ನಮ್ಮ ಓಣಿಗೆಲ್ಲ ಗೊತ್ತು.

ಒಂಬತ್ತು ವರ್ಷದ ಹಿಂದಿನ ಮಾತು, ಆಗ ತೊಂಬತ್ತರ ದಶಕದ ಕೊನೆ. ಬಿ.ಕಾಂ. ಮುಗಿಸಿ, ಪೇಟೆಯಲ್ಲಿದ್ದ ಅಪ್ಪನ ದಲಾಲಿ ಅಂಗಡಿಯಲ್ಲಿ ಕೂಡಲು ಮನಸ್ಸಿಲ್ಲದೆ, ಬೇರೆ ಕಡೆ ಕೂಡಿಸಿಕೊಳ್ಳುವವರೂ ಇಲ್ಲದೆ ನಾನು ಮನೆಯಲ್ಲಿದ್ದೆ. ಆಗ ತಂಗಿ ಶಾಂತಾ ಮಗಳನ್ನೆತ್ತಿಕೊಂಡು ಗಂಡನ ಊರು ಚಚಡಿಯಿಂದ ತವರಿಗೆ ಬಂದಳು. ನೀಲಾಗೆ ಒಂದೂವರೆ ವರ್ಷ. ಕೂಡಿಸಿದರೆ ಕೂಡುತ್ತಿದ್ದಳು, ಮಾತಾಡಿಸಿದರೆ ನಗುತ್ತಿದ್ದಳು. ನಿಲ್ಲಿಸಹೋದರೆ ಮಾತ್ರ ಪಾದ ನೆಲಕ್ಕೆ ತಾಗುವ ಮುಂಚೆಯೇ ಕಾಲು ಮಡಚಿಕೊಳ್ಳುತ್ತಿದ್ದವು. ಧಾರವಾಡದ ಡಾಕ್ಟರು ಪರೀಕ್ಷೆ ಮಾಡಿ, ಬೆಳವಣಿಗೆ ತಡವಾಗಿದೆ, ದಿನಾ ವ್ಯಾಯಾಮ ಮಾಡಿಸಿದರೆ ನಿಂತಾಳು ಎಂದಿದ್ದರು. ಆ ಒಂದು ಮಾತನ್ನು ಶಾಂತಾ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಧಾರವಾಡಕ್ಕೆ ನಮ್ಮೂರಿನಿಂದ ಬಸ್ಸು ಸಲೀಸು, ಅದಕ್ಕೇ ಇಲ್ಲಿರುವುದೆಂದಾಯಿತು. ಆಕೆಯ ಗಂಡ ಸಾಲಿ ಮಾಸ್ತರ. ರಜೆ ಸಿಕ್ಕಾಗ ಬಂದು, ಮಗಳ ಪಾದ ಹಿಡಿದು ನೋಡಿ, ಏನೂ ಕೇಳದೆ ಹೋಗುತ್ತಿದ್ದರು.

ಕೇಳದಿದ್ದರೂ ಹೇಳುವವರಿಗೆ ನಮ್ಮ ಓಣಿಯಲ್ಲಿ ಬರವಿಲ್ಲ. ಕೂಸು ಎರೆಯಲು ಬರುವ ಮುದುಕಿ ಎಣ್ಣೆ ಹಚ್ಚಿ ನೀವಿದರೆ ಸಾಕೆಂದಳು. ಎದುರು ಮನೆಯವರು ಉಸುಕಿನ ಕುಣಿಯಲ್ಲಿ ಸೊಂಟದ ಮಟ ಹೂಳಿ ನಿಲ್ಲಿಸಿ ಎಂದರು. "ಮಂದಿ ಮಾತ ಕೇಳಿ ನನ್ನ ಕೂಸಿನ್ನ ನೆಲದಾಗ ಹೂಳಲೇನು" ಎಂದು ಶಾಂತಾ ಬಚ್ಚಲಲ್ಲಿ ಒಬ್ಬಳೇ ನಿಂತು ಅತ್ತದ್ದು ನನಗೆ ಕೇಳಿಸಿತು. ಮರುದಿನ ಬೆಳಿಗ್ಗೆ ಎಲ್ಲರೆದುರು ಹೇಳಿಬಿಟ್ಟೆ: "ಇನ್ನ ಈಕಿನ್ನ ನಿಂದ್ರಸೂ ಕೆಲಸ ನಂದು."

ಕೆಲಸವಿಲ್ಲದವನಿಗೆ ಕೆಲಸ ಸಿಕ್ಕರೆ ಅವನ ದರ್ಬಾರು ನೋಡಬೇಕು. ನೀಲಾಳ ಎರಡೂ ಕಂಕುಳಲ್ಲಿ ಕೈಕೊಟ್ಟು ನಿಲ್ಲಿಸಿ, ಒಂದು, ಎರಡು ಎಂದು ದೊಡ್ಡ ದನಿಯಲ್ಲಿ ಎಣಿಸುತ್ತಿದ್ದೆ. ಸಂಜೆ ಶಾಂತಾ "ಎಷ್ಟ ನಿಂತ್ಲು ಅಣ್ಣಾ?" ಎಂದು ಕೇಳುತ್ತಿದ್ದಳು. ಹತ್ತು, ಇಪ್ಪತ್ತು, ಕೊನೆಗೆ ಐವತ್ತು. ಆ ಲೆಕ್ಕವನ್ನು ಚಹಾದ ಅಂಗಡಿಗೂ ಮುಟ್ಟಿಸಿ ಬರುತ್ತಿದ್ದೆ. ಅವ್ವ ಮೊಮ್ಮಗಳ ಕಾಲಿಗೆ ಗೆಜ್ಜೆ ಮಾಡಿಸಲು ಅಕ್ಕಸಾಲಿಗರಿಗೆ ಹೇಳಿಯೂ ಆಯಿತು.

ಮೂರು ತಿಂಗಳ ಮೇಲೆ ಧಾರವಾಡಕ್ಕೆ ಹೋದೆವು. ವ್ಯಾಯಾಮ ಕಲಿಸುವ ಬಾಯಾರು ಚಾಪೆ ಹಾಸಿ, "ನಿಂದ್ರಸ್ರಿ, ನೋಡೂಣು" ಎಂದರು. ನಿಲ್ಲಿಸಿದೆ. ಎಣಿಸಲು ಬಾಯಿ ತೆರೆಯುವಷ್ಟರಲ್ಲಿ, "ಈಗ ಕೈ ತಗೀರಿ" ಎಂದರು. ತೆಗೆದೆ. ಹಗ್ಗದ ಮೇಲಿನ ಒದ್ದೆ ಬಟ್ಟೆ ಜಾರಿದ ಹಾಗೆ ಕೂಸು ಕುಸಿಯಿತು. ಅವರು ಹಿಡಿದುಕೊಂಡು, ಬೈಯದೆ, ಮೆತ್ತಗೆ ಹೇಳಿದರು: "ಇಷ್ಟ ದಿನ ನಿಂತದ್ದು ಈಕಿ ಅಲ್ಲರಿ, ನಿಮ್ಮ ಕೈ. ಈಕಿ ಭಾರ ಈಕಿ ಕಾಲಿಗೆ ಗೊತ್ತ ಆಗಿಲ್ಲ. ಎದಿ ಮಟ್ಟಕ್ಕ ಏನರ ಆಸರ ಕೊಡ್ರಿ, ಒರಗಿ ನಿಂದರಲಿ. ನೀವು ಬಾಜೂಕ ಕುಂಡ್ರಿ, ಬೀಳೂ ಮುಂದ ಅಷ್ಟ ಹಿಡೀರಿ."

ಬೈದಿದ್ದರೆ ವಾಸಿಯಿತ್ತು. ಬಸ್ಸಿನಲ್ಲಿ ಶಾಂತಾ ಮಗಳ ಪಾದಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ಊರಲ್ಲಿ ಇಳಿದ ಮೇಲೆ, ನನ್ನ ಕಡೆ ನೋಡದೆ, "ನಿಲ್ಲಾಕ ಹತ್ತ್ಯಾಳಂತ ನಾ ಅವರಿಗೆ ಕಾಗದ ಬರದೀನಿ ಅಣ್ಣಾ" ಎಂದಳು. ಅಷ್ಟೇ. ನನಗೆ ಆ ದಿನದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ಆಕೆಯ ಆಸೆಯನ್ನು ನಾನು ಸುಳ್ಳು ಎಣಿಕೆಯಿಂದ ಬೆಳೆಸಿದ್ದೆ.

ಅಪ್ಪ ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿ, "ತೂಗೂ ಮುಂದ ತಕ್ಕಡಿಗೆ ಬಟ್ಟು ಹಚ್ಚಬಾರದಂತ ನೀ ಸಣ್ಣಾಂವ ಇದ್ದಾಗಿಂದ ಹೇಳೇನಿ" ಎಂದರು. ತೂಗುವಾಗ ತಕ್ಕಡಿಗೆ ಬೆರಳು ತಾಗಿಸುವುದು, ದಲಾಲಿ ಮನೆಯಲ್ಲಿ ಹುಟ್ಟಿದವನು ಮಾಡಬಾರದ ಆ ತಪ್ಪನ್ನೇ ನಾನು ಮಾಡಿದ್ದೆ. ಮರುದಿನ ಅಂಗಡಿಯಿಂದ ಅರ್ಧ ಚೀಲ ಜೋಳ ಬಂತು. ಅಪ್ಪನೇ ಅದನ್ನು ಪಡಸಾಲೆಯ ಮೂಲೆಗೆ ಆನಿಸಿ, ಬಾಯಿ ಬಿಗಿದು ಕಟ್ಟಿ, ಮೇಲೆ ಕೈಯಿಂದ ಒತ್ತಿ ನೀಲಾಳ ಎದೆಯ ಮಟ್ಟಕ್ಕೆ ತಂದರು. ಜೋಳದ ಚೀಲ ಮೇಜಿನಂತಲ್ಲ. ಒರಗಿದವರ ಮೈಗೆ ತಕ್ಕಂತೆ ತಗ್ಗುತ್ತದೆ, ಆದರೆ ಸರಿಯುವುದಿಲ್ಲ.

ಇನ್ನು ನನ್ನ ಕೈಗಳ ಪಾಡು. ಅವು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಕೊನೆಗೆ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕುಳಿತೆ. ನೀಲಾ ಚೀಲವನ್ನು ತಬ್ಬಿ ನಿಲ್ಲುವಳು, ಮೊಣಕಾಲು ನಡುಗುವವು, ನನ್ನನ್ನು ನೋಡಿ ಅಳುವಳು. "ಕಟುಕ ಆಗೀಯೇನೋ, ಎತ್ಕೊ" ಎಂದು ಅವ್ವ ಒಳಗಿನಿಂದ ಬೈಯುವಳು. ತೀರಾ ಬೀಳುವಾಗ ಮಾತ್ರ ಹಿಡಿಯುತ್ತಿದ್ದೆ. ಹಾಗೆ ದಿನಗಳು ಹೋಗಿ ತಿಂಗಳಾದವು. ಶಾಂತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಷ್ಟು ನಿಂತಳೆಂದು ಮಾತ್ರ ಕೇಳುತ್ತಿರಲಿಲ್ಲ. ಸಂಜೆಯಾದರೆ ಆ ಪ್ರಶ್ನೆಗಾಗಿ ನನ್ನ ಕಿವಿ ಕಾಯುತ್ತಿತ್ತು.

ಒಂದು ದಿನ ಶಾಂತಾ ಬಸುರಿ ನಾದಿನಿಯ ಕುಬಸಕ್ಕೆಂದು ಚಚಡಿಗೆ ಹೋಗಿದ್ದಳು. ಅವ್ವ ಹಿತ್ತಲಲ್ಲಿದ್ದಳು. ಪೇಟೆಯಲ್ಲಿ ಮಾದರಿ ನೋಡಲು ಚೀಲಕ್ಕೆ ಕೊಳವೆ ಚುಚ್ಚುತ್ತಾರಲ್ಲ, ಆ ಹಳೆಯ ತೂತು ಅದೇ ಹೊತ್ತಿಗೆ ಬಿಚ್ಚಿಕೊಂಡು ಜೋಳ ಸಣ್ಣಗೆ ಸುರಿಯತೊಡಗಿತು. ನೀಲಾ ಒಂದು ಕೈ ಒಡ್ಡಿದಳು. ಕಾಳು ಬೆರಳ ಸಂದಿಯಿಂದ ಜಾರಿದವು. ಇನ್ನೊಂದು ಕೈಯನ್ನೂ ತಂದು ಬೊಗಸೆ ಮಾಡಿದಳು. ಬೊಗಸೆ ಒಡ್ಡಲು ಎದೆ ಹಿಂದಕ್ಕೆ ಸರಿಯಲೇಬೇಕು. ಸರಿಯಿತು. ಚೀಲಕ್ಕೂ ಆಕೆಗೂ ನಡುವೆ ಗೇಣು ಜಾಗ. ನನಗೆ ಎಣಿಸುವುದೇ ಮರೆತುಹೋಯಿತು. ಬೊಗಸೆ ತುಂಬಿದ ಮೇಲೆ ನನ್ನತ್ತ ತಿರುಗಿ ನಕ್ಕು, ಚೆಲ್ಲಿದ ಜೋಳದ ಮೇಲೆ ಕುಳಿತುಬಿಟ್ಟಳು.

ಎದ್ದು ಬಾಗಿಲಿಗೆ ಓಡಿದೆ, ಓಣಿಗೆಲ್ಲ ಸಾರಬೇಕಿತ್ತು. ಹೊಸ್ತಿಲಲ್ಲಿ ಕಾಲು ನಿಂತವು. ನನ್ನ ಮಾತನ್ನು ಯಾರು ನಂಬಿಯಾರು? ಅದಕ್ಕಿಂತ ಹೆಚ್ಚಾಗಿ, ಇದನ್ನು ಮೊದಲು ನೋಡಿದವಳು ಹೆತ್ತವಳಾಗಬೇಕು ಅನ್ನಿಸಿತು. ಹಿಂತಿರುಗಿ ಜೋಳ ಬಳಿದೆ. ತೂತಿಗೆ ಒಂದು ಚಿಂದಿ ತುರುಕಿದೆ, ಮತ್ತೆ ಬಿಚ್ಚಿಕೊಳ್ಳುವಷ್ಟು ಸಡಿಲಾಗಿ.

ಮರುದಿನ ಶಾಂತಾ ಬಂದಳು. "ಅತ್ತಳೇನ?" ಎಂದಳು. "ಇಲ್ಲ" ಎಂದೆ. ಎರಡು ದಿನ ಬಾಯಿಗೆ ಬೀಗ. ಮೂರನೆಯ ದಿನ, "ಇವತ್ತ ನೀ ಕೂಸಿನ ಮುಂದ ಕುಂಡ್ರು, ನನಗ ಅಂಗಡ್ಯಾಗ ಕೆಲಸ ಐತಿ" ಎಂದು ಹೊರಬಿದ್ದೆ. ನನಗೆ ಅಂಗಡಿಯಲ್ಲಿ ಕೆಲಸ ಎಂದರೆ ಅವ್ವನೂ ನಂಬಲಿಲ್ಲ. ಇಳಿಹೊತ್ತಿಗೆ ಶಾಂತಾ ಚಪ್ಪಲಿಯಿಲ್ಲದೆ, ಮಗಳನ್ನು ಎತ್ತಿಕೊಂಡು, ಚೀಲಗಳ ಸಾಲುಗಳ ನಡುವೆ ಓಡಿ ಬಂದಳು. "ಅಣ್ಣಾ, ನಿಂತ್ಲು. ತಾನ ನಿಂತ್ಲು. ನಾ ಮುಟ್ಟಿಲ್ಲ."

"ಖರೇನ?" ಎಂದು ಆಶ್ಚರ್ಯಪಟ್ಟು, ಕಣ್ಣು ಅವಳಿಗೆ ಕಾಣದಂತೆ ಮುಖ ಆಚೆ ತಿರುಗಿಸಿಕೊಂಡೆ.

ನೀಲಾ ಈಗ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಕಾಲು ಅಗಲಿಸಿ, ನಿಧಾನಕ್ಕೆ ನಡೆಯುತ್ತಾಳೆ. ಮಾತು ಸ್ವಲ್ಪ, ನಗು ಬಹಳ. ಮೊನ್ನೆ ಜೋಳ ಬಂದ ಮೇಲೆ ತಡೆಯದೆ ಶಾಂತಾಗೆ ಫೋನು ಮಾಡಿ, ಅಂದು ಮುಚ್ಚಿಟ್ಟದ್ದನ್ನು ಒಪ್ಪಿಕೊಂಡೆ. ಆಕೆ "ನನಗ ಗೊತ್ತಿತ್ತ ಬಿಡು" ಎಂದಳು.

"ಹೆಂಗ?"

"ನಾ ಚಚಡಿಯಿಂದ ಬಂದಾಗ ನೀ ಒಂದ ಮಾತ ಆಡಲಿಲ್ಲ. ಕೂಸಿನ ಕಡೆ ನೋಡ್ತಿದ್ದಿ, ಮತ್ತ ಗ್ವಾಡಿ ಕಡೆ ನೋಡ್ತಿದ್ದಿ. ನೀ ಹೇಳಿದ್ದರ ನಾ ನಂಬತಿರಲಿಲ್ಲ ಅಣ್ಣಾ. ಸುಮ್ಮನಿದ್ದಿ, ನಂಬಿದೆ. ನೀನಾಗೇ ಕುಂಡ್ರು ಅನ್ನೂ ತನಕ ಕಾದೆ."

ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಮಾತಾಡಲಿಲ್ಲ. ಹೆಂಡತಿ ಹತ್ತಿರ ಬಂದು, ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು.