ಏಳನೇ ಮಹಡಿಯ ಮಾತು

ಡಲ್ಲಾಸ್‌ನ ಆ ಹಳೆಯ ಹೋಟೆಲು ಬಾಗಿಲು ಹಾಕಿ ಮೂವತ್ತು ವರ್ಷವಾಗಿತ್ತು. ಈಗ ಅದನ್ನು ವಯಸ್ಸಾದವರ ಬಾಡಿಗೆ ಮನೆಗಳಾಗಿ ಮಾಡುತ್ತಿದ್ದರು. ಗೋಡೆಗಳ ಮೂಲ ಬಣ್ಣ ಯಾವುದೆಂದು ಹುಡುಕುವ ಕೆಲಸ ಇಂದುಮತಿಯದು. ಅರವತ್ತರ ಹತ್ತಿರದ, ಮೈಸೂರಿನ ಹೆಂಗಸು. ಚಿಕ್ಕ ಚಾಕು ಹಿಡಿದು ಒಂದೊಂದೇ ಪದರ ಕೆರೆಯಬೇಕು. ಮೇಲೆ ಬಿಳಿ, ಅದರಡಿ ಕಂದು, ಅದರಡಿ ಮತ್ತೆ ಬಿಳಿ. ಏಳನೇ ಮಹಡಿಯಲ್ಲಿ ದಿನವಿಡೀ ಅವಳೊಬ್ಬಳೇ.

ಗಂಡ ಅಭಿರಾಮ ತೀರಿಕೊಂಡು ನಾಲ್ಕು ವರ್ಷ. ಊರಾಚೆ ಫ್ಲವರ್ ಮೌಂಡಿನಲ್ಲಿದ್ದ ತಮ್ಮ ಮನೆಯಲ್ಲಿ ಆತನ ಕುರ್ಚಿ ಕಣ್ಣಿಗೆ ಬಿದ್ದರೆ ಬಾಯಿ ಕಟ್ಟಿಹೋಗುತ್ತಿತ್ತು. ಆತನ ನೆನಪಿನ ಸೋಂಕಿಲ್ಲದ ಈ ಕೋಣೆಗಳಲ್ಲಿ ಮಾತ್ರ, ಗೋಡೆ ಕೆರೆಯುತ್ತಾ, ಆತನೊಂದಿಗೆ ಮಾತಾಡುತ್ತಿದ್ದಳು.

"ನಿಮ್ಮ ಹೆಸರಿಗೆ ಇವತ್ತೂ ಕಾಗದ ಬಂದಿತ್ತು ಕಣ್ರೀ. ಹಲ್ಲಿನ ಡಾಕ್ಟ್ರು, ಚೆಕಪ್ಪಿಗೆ ಬನ್ನಿ ಅಂತ. ಏನಂತ ಉತ್ತರ ಬರೀಲಿ? ಹಿತ್ತಲಲ್ಲಿ ಮೆಂತ್ಯ ಹಾಕಿದ್ದೆ, ಬಿಸಿಲಿಗೆ ಸುಟ್ಟೇ ಹೋಯ್ತು. ಒಬ್ಬಳಿಗೆ ಸಾರು ಮಾಡೋ ಅಳತೆ ಇನ್ನೂ ಸಿಕ್ಕಿಲ್ಲ ನೋಡಿ..."

ಸೊಂಟದಲ್ಲಿದ್ದ ವಾಕಿಟಾಕಿಯ ಮಾತಾಡುವ ಗುಂಡಿ ಅವಳು ನಿಂತಿದ್ದ ಏಣಿಗೆ ಒತ್ತಿಕೊಂಡಿತ್ತು. ಇಪ್ಪತ್ತು ನಿಮಿಷ ಅವಳ ಮಾತು ಕೆಲಸದವರಿಗೆಲ್ಲ ಕೇಳಿಸಿತು. ಮೇಸ್ತ್ರಿ ಮೇಲೆ ಬಂದು ಗುಂಡಿ ತೋರಿಸಿದಾಗ ಅವಳು ವಾಕಿಟಾಕಿಯನ್ನು ಸೊಂಟದಿಂದ ಕಿತ್ತು ಕೆಳಗಿಟ್ಟಳು. "ಪರವಾಗಿಲ್ಲ, ಯಾರಿಗೂ ಅರ್ಥವಾಗಲಿಲ್ಲ" ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿ ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಬ್ಬರು ಹತ್ತಿ ಬಂದರು. ವೈರಿಂಗ್ ತಪಾಸಣೆಗೆ ಹ್ಯೂಸ್ಟನ್ನಿನಿಂದ ಬಂದಿದ್ದ ಎಂಜಿನಿಯರ್ ಪ್ರಹ್ಲಾದ್. ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

"ತಪ್ಪು ತಿಳೀಬ್ಯಾಡ್ರಿ. ನಾ ಧಾರವಾಡದಾಂವ. ನನಗ ಎಲ್ಲಾ ತಿಳೀತ್ರಿ."

"ಹಾಗಾದ್ರೆ ನಿಮ್ಮ ವಾಕಿಟಾಕಿ ಆಫ್ ಮಾಡ್ಬೇಕಿತ್ತು" ಎಂದಳು ಇಂದುಮತಿ.

"ಮಾಡಬೇಕಿತ್ರಿ. ಮನಸ್ಸು ಬರಲಿಲ್ಲ. ಮನಿ ಮಾತು ಕೇಳಿ ಭಾಳ ವರ್ಷ ಆಗಿತ್ತು."

ಅವಳು ಡಬ್ಬಿಯ ಮುಚ್ಚಳಕ್ಕೆ ಅರ್ಧ ಮೊಸರನ್ನ ಹಾಕಿ ಕೊಟ್ಟಳು. ಇಬ್ಬರೂ ಕಿಟಕಿಯ ಕಟ್ಟೆಯ ಮೇಲೆ ಕೂತು ಉಂಡರು. ಅವರು ಮುಚ್ಚಳ ತೊಳೆದು ಕೊಟ್ಟು, "ಬರ್ತೀನ್ರಿ" ಎಂದು ಇಳಿದು ಹೋದರು.

ಮರುದಿನ ಒಂದು ನೆಪ ಮಾಡಿಕೊಂಡು, ವೈರಿಂಗ್ ತಪಾಸಣೆ ನಡೆಯುತ್ತಿದ್ದ ನೆಲಮಾಳಿಗೆಗೆ ಹೋದಳು. ತಪಾಸಣೆ ಮುಗಿದಿತ್ತು, ಪ್ರಹ್ಲಾದ್ ಆಸ್ಟಿನ್‌ನ ಇನ್ನೊಂದು ಕಟ್ಟಡಕ್ಕೆ ಹೊರಟುಹೋಗಿದ್ದರು. ಫೋನ್ ನಂಬರ್ ಕೇಳಿರಲಿಲ್ಲ.

ಆಮೇಲೆ ಗೋಡೆಯ ಮುಂದೆ ಬಾಯಿ ತೆರೆದರೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಸುಮ್ಮನಿದ್ದರೆ ಯಾರೂ ಇಲ್ಲ ಎನಿಸುತ್ತಿತ್ತು. ನಾಲ್ಕು ತಿಂಗಳು ಮಾತಾಡದೆ ಕೆರೆದಳು. ಎಲ್ಲಕ್ಕಿಂತ ಕೆಳಗೆ ತಿಳಿಹಳದಿ ಸಿಕ್ಕಿತು. ಅದನ್ನೇ ಬಳಿದರು.

ಅಕ್ಟೋಬರಿನಲ್ಲಿ ಬಾಡಿಗೆಗೆ ಜನ ಬಂದರು. ಏಳನೇ ಮಹಡಿಯಲ್ಲಿ, ಅವರಿಬ್ಬರೂ ಮೊಸರನ್ನ ಉಂಡಿದ್ದ ಆ ಮನೆಗೆ ಬಂದ ಮುದುಕಿ ಗೋಡೆಯನ್ನೊಮ್ಮೆ ನೋಡಿ, "ಬಣ್ಣ ಚೆನ್ನಾಗಿದೆ" ಎಂದು ಟಿವಿ ಜೋರಾಗಿ ಹಾಕಿಕೊಂಡಳು. ಕೊನೆಯ ಬಾರಿ ಗೋಡೆ ನೋಡಿಹೋಗಲು ಬಂದಿದ್ದ ಇಂದುಮತಿ ಬಾಗಿಲಿನಿಂದಲೇ ತಿರುಗಿ, ಲಿಫ್ಟಿನಲ್ಲಿ ಕೆಳಗಿಳಿದಳು.