ಎಡಿನ್‌ಬರ್ಗ್‌ನಲ್ಲಿ ಕಾಣೆಯಾದ ಅತ್ತಿಗೆ

ತಿರುಗಿ ನೋಡಿದರೆ ಅತ್ತಿಗೆ ಇರಲಿಲ್ಲ. ಎಡಿನ್‌ಬರ್ಗ್ ನಗರದ ಹಳೆಯ ಓಣಿಯಲ್ಲಿ, ನೆಲದ ಕಲ್ಲುಗಳ ಮೇಲೆ ಕೆತ್ತಿದ್ದ ಲೇಖಕರ ಮಾತುಗಳನ್ನು ಓದುತ್ತಾ ನಾನು ಮೈಮರೆತಿದ್ದೆ. ಸೋಮಂದೇಪಲ್ಲಿಯಲ್ಲಿ ರೇಷ್ಮೆ ಸೀರೆ ನೇಯುವ ಅತ್ತಿಗೆ ಅಲ್ಲಿಗೆ ಕೈಮಗ್ಗದ ಪ್ರದರ್ಶನಕ್ಕೆ ಬಂದಿದ್ದರು. ಹಿಂದೂಪುರದಲ್ಲಿ ಟೀಚರಾಗಿರುವ ನಾನು ಅವರಿಗೆ ಜೊತೆ. ಕನ್ನಡ, ತೆಲುಗು ಬಿಟ್ಟರೆ ಅವರಿಗೆ ಬೇರೆ ಮಾತು ಬಾರದು, ಓದಲೂ ಬಾರದು. ಅವರ ಫೋನು, ಪಾಸ್‌ಪೋರ್ಟ್ ಎರಡೂ ನನ್ನ ಚೀಲದಲ್ಲಿದ್ದವು.

ಓಣಿಯಿಂದ ಓಣಿಗೆ ಓಡಿದೆ. ಹಸಿರು ಸೀರೆಯ ಹೆಂಗಸನ್ನು ಕಂಡಿರಾ ಎಂದು ಸಿಕ್ಕವರನ್ನೆಲ್ಲ ಕೇಳಿದೆ. ಮುಕ್ಕಾಲು ಗಂಟೆಯ ಮೇಲೆ ಪುಸ್ತಕದಂಗಡಿಯೊಂದರ ಗಾಜಿನಾಚೆ ಆ ಹಸಿರು ಸೆರಗು ಕಂಡಿತು. ಅತ್ತಿಗೆ ಸ್ಟೂಲಿನ ಮೇಲೆ ಕೂತು, ಹೊಲಿಗೆ ಬಿಚ್ಚಿದ ದಪ್ಪ ಪುಸ್ತಕವೊಂದರ ದಾರಕ್ಕೆ ಗಂಟು ಹಾಕುತ್ತಿದ್ದರು. ಅಂಗಡಿಯ ಮುದುಕ ಕಣ್ಣು ಮಿಟುಕಿಸದೆ ಅವರ ಬೆರಳುಗಳನ್ನೇ ನೋಡುತ್ತಿದ್ದ.

"ಪಾಪಂ, ಈ ತಾತಂಗೆ ಕೈ ನಡುಗ್ತಿತ್ತು ಕಣಮ್ಮ. ದಾರ ಕಟ್ಕೊಟ್ಟು ಹೋಗಣ ಅಂತ ಒಳಕ್ಕೆ ಬಂದ್ಬುಟ್ಟೆ. ನೀನ್ಯಾಕೆ ಅಳ್ತಿದೀಯ?" ಎಂದರು.

ಆ ಮುಕ್ಕಾಲು ಗಂಟೆಯನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಅತ್ತಿಗೆಗಿರುವ ಚಿಂತೆಯೇ ಬೇರೆ. ನಾನು ಬಂದು ಅವಸರ ಮಾಡಿದ್ದರಿಂದ ಕೊನೆಯ ಗಂಟು ಸಡಿಲವಾಯಿತೇನೋ ಎಂದು.