ಸ್ವಿಚ್ಚಿಲ್ಲದ ದೀಪ

ಮಾಡದಕೆರೆಯ ಚಿತ್ರಲಿಂಗಪ್ಪ ಕುರಿ ಕಾಯುವವನು. ಮಾರಿಕಣಿವೆಯ ಗುಡ್ಡದ ಸಾಲಿನಲ್ಲಿ ತೋಳಗಳು ರಾಜಾರೋಷವಾಗಿ ಓಡಾಡುತ್ತಿದ್ದ ಕಾಲ ಅದು. ಹೊಲದಲ್ಲಿ ಮಂದೆ ತರುಬಿದನೆಂದರೆ ನಾಲ್ಕು ಮೂಲೆಗೂ ಬೆಂಕಿ ಹಾಕಿ, ಬೆಳಕು ಹರಿಯುವ ತನಕ ಸೌದೆ ಒಟ್ಟುತ್ತ ಕೂರುತ್ತಿದ್ದ. ಅವನ ಮಂದೆಯ ಒಂದು ಮರಿಯನ್ನೂ ತೋಳ ಹೊತ್ತೊಯ್ಯಲಿಲ್ಲವೆಂದು ಆ ಸೀಮೆಯವರೆಲ್ಲ ಒಪ್ಪುತ್ತಿದ್ದರು. ಅವನ ಮಗ ಬೋರಪ್ಪ ನಾಲ್ಕು ಟಗರು ಮಾರಿ ಎರಡು ಗ್ಯಾಸ್‌ಲೈಟು ತಂದ. ಸುತ್ತಲ ಊರುಗಳ ಮದುವೆಗೆ ಅವನ್ನು ಬಾಡಿಗೆಗೆ ಕೊಡುತ್ತಿದ್ದ. ಕೊಡುತ್ತಿದ್ದ ಎಂದರೆ ತಾನೇ ಹೊತ್ತುಕೊಂಡು ಹೋಗಿ, ಪಂಪು ಹೊಡೆದು, ಕಾವಲು ನಿಂತು, ಬೆಳಿಗ್ಗೆ ಹೊತ್ತುಕೊಂಡು ಬರುತ್ತಿದ್ದ. ಹರಿಯಬ್ಬೆಯ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಬಿರುಗಾಳಿ ಎದ್ದು ಚಪ್ಪರ ಕಿತ್ತುಕೊಂಡು ಹೋಯಿತು. ಬೋರಪ್ಪ ಹೊದ್ದಿದ್ದ ಕಂಬಳಿಯನ್ನೇ ಗೋಡೆ ಮಾಡಿಕೊಂಡು ದೀಪದ ಮುಂದೆ ನಿಂತ. ಕಂಬಳಿ ತೂತಾಯಿತು, ಮುಂಗೈ ಬೊಬ್ಬೆ ಎದ್ದಿತು, ದೀಪ ಆರಲಿಲ್ಲ. ಹೆಣ್ಣಿನ ಕಡೆಯವರು ಅವನನ್ನು ಬೀಗರ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು.

ಬೋರಪ್ಪನ ಮಗ ದಾಸಣ್ಣನ ಹೊತ್ತಿಗೆ ಊರಿಗೆ ಕರೆಂಟು ಬಂದಿತ್ತು. ಅವನು ಹೊಸದುರ್ಗಕ್ಕೆ ಬಂದು ಸೀರಿಯಲ್ ಸೆಟ್ಟಿನ ಅಂಗಡಿ ಇಟ್ಟ. ಮದುವೆ ಮನೆಯ ಮುಂದೆ, ಗಣಪತಿ ಕೂರಿಸಿದ ಕಡೆ ಬಣ್ಣಬಣ್ಣದ ಸಣ್ಣ ಬಲ್ಬುಗಳ ಸರ ಇಳಿಬಿಡುತ್ತಾರಲ್ಲ, ಅದು. ಒಂದು ಬಲ್ಬು ಸತ್ತರೆ ಸರಕ್ಕೆ ಸರವೇ ಸಾಯುತ್ತದೆ. ಸತ್ತ ಬಲ್ಬು ಯಾವುದೆಂದು ದಾಸಣ್ಣ ಬೆರಳಲ್ಲಿ ಸವರಿಯೇ ಹೇಳುತ್ತಿದ್ದ. ಅಪ್ಪನಿಂದ ಅವನಿಗೆ ಬಂದ ಕಟ್ಟುಪಾಡು ಒಂದೇ. ಹಚ್ಚಿದ ದೀಪವನ್ನು ಬೆಳಗಾಗುವ ಮುಂಚೆ ಆರಿಸಬಾರದು. ಆರಲು ಬಿಡಲೂ ಬಾರದು.

ಈ ದಾಸಣ್ಣನ ಮಗಳು ಕಾಳಕ್ಕ. ಹರಿಯಬ್ಬೆಗೆ ಕೊಟ್ಟಿದ್ದರು, ಮದುವೆಯಾದ ಎರಡನೇ ವರ್ಷ ಗಂಡ ಕಾಮಾಲೆಯಲ್ಲಿ ಹೋದ. ತವರಿಗೆ ಬಂದವಳು ಅಳುತ್ತ ಕೂರಲಿಲ್ಲ. ಅಪ್ಪನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಬೆಸುಗೆ ಹಾಕಲು ಕುಳಿತಳು. ತೊಂಬತ್ತರ ದಶಕದಲ್ಲಿ ಹೊಸದುರ್ಗದಲ್ಲಿ ಎಲ್ಲಿ ಸೀರಿಯಲ್ ಸೆಟ್ಟು ಮಿನುಗಿದರೂ ಅದರ ಗಂಟುಗಳೆಲ್ಲ ಕಾಳಕ್ಕನ ಕೈಯವೇ. ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿ ಮಾಡಿ ಅವಳ ಮುಖಕ್ಕೆ ಯಾವಾಗಲೂ ಏನನ್ನೋ ಅನುಮಾನಿಸುವ ಕಳೆ ಬಂದುಬಿಟ್ಟಿತ್ತು. ಅವಳನ್ನು ಅರಿಯದವರು ಸಿಡುಕಿ ಎಂದುಕೊಳ್ಳುತ್ತಿದ್ದರು.

ದಾಸಣ್ಣ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಕೆಲಸ ಮನೆಯ ಪಡಸಾಲೆಗೆ ಬಂತು. ಎರಡು ಸಾವಿರದ ಇಸವಿ ದಾಟಿದ್ದೇ ತಡ, ಚೀನಾದಿಂದ ರೆಡಿಮೇಡ್ ಸರಗಳು ಗೋಣಿಗಟ್ಟಲೆ ಬಂದು ಬಿದ್ದವು. ಕೆಟ್ಟರೆ ಬಿಸಾಕಿ ಹೊಸದು ತರುತ್ತಿದ್ದರೇ ಹೊರತು ಬೆಸುಗೆ ಹಾಕಿಸಲು ಯಾರೂ ಬರಲಿಲ್ಲ. ಕಾಳಕ್ಕನ ಚಾಪೆ ಸುತ್ತಿಟ್ಟಲ್ಲೇ ಇರುವ ದಿನಗಳು ಹೆಚ್ಚಾದವು. ತಮ್ಮ ಹನುಮೇಶ ಚಿತ್ರದುರ್ಗದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಬಂದಾಗಲೆಲ್ಲ ಅವನದು ಒಂದೇ ಮಾತು, ಬೀಗ ಹಾಕಿ ನಮ್ಮ ಮನೆಗೆ ಬಾ ಎಂದು. ಒಳ್ಳೆಯವನು. ಅವನ ಹೆಂಡತಿ ಜಯಶೀಲಾ ಅವನಿಗಿಂತ ಒಳ್ಳೆಯವಳು. ಕಾಳಕ್ಕನಿಗೆ ದಿಗಿಲು ಹುಟ್ಟಿಸಿದ್ದೇ ಆ ಒಳ್ಳೆಯತನ. ಅಲ್ಲಿಗೆ ಹೋದರೆ ಕೈಗೆ ಕೆಲಸವಿಲ್ಲದೆ, ಟಿ.ವಿ. ಮುಂದೆ ಕುಳಿತು, ಹೊತ್ತು ಹೊತ್ತಿಗೆ ಕರೆದಾಗ ಎದ್ದು ಉಂಡು, ಉಳಿದ ಆಯುಷ್ಯವನ್ನು ಕಳೆಯಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಈ ದೀಪಾವಳಿ ಕಳೆಯಲಿ, ಅಷ್ಟರೊಳಗೆ ನನ್ನದೇ ಕೆಲಸ ಹುಡುಕಿಕೊಳ್ಳದಿದ್ದರೆ ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದಳು.

ಹಿಂದಿನ ಬೀದಿಯ ಯಶೋಧಾ ಟೀಚರ ಮನೆಯಲ್ಲಿ ಮೀನಿನ ತೊಟ್ಟಿಯಿತ್ತು. ಗಾಜಿನದು, ಮೇಲೆ ಟ್ಯೂಬ್‌ಲೈಟು, ಒಳಗೆ ಬಂಗಾರದ ಬಣ್ಣದ ಮೀನುಗಳು, ಒಂದಷ್ಟು ಹಸಿರು ಗಿಡ. ಕರೆಂಟು ತೆಗೆದರೆ ತೊಟ್ಟಿ ಬಾವಿಯಂತೆ ಕಪ್ಪಗಾಗುತ್ತಿತ್ತು. ಬೇಸಿಗೆಯಲ್ಲಿ ಟ್ಯೂಬಿನ ಕಾವಿಗೆ ನೀರು ಬೆಚ್ಚಗಾಗುತ್ತಿತ್ತು. ಗಿಡ ಬೇರೆ ಸೊರಗಿತ್ತು. ಟೀಚರು ಅದನ್ನೆಲ್ಲ ಹೇಳಿಕೊಂಡ ಸಂಜೆ ಕಾಳಕ್ಕನ ಕೈಯಲ್ಲಿ ಒಂದು ಕೆಟ್ಟ ಟಾರ್ಚ್ ಇತ್ತು. ಅದರ ಬಾಯಲ್ಲಿ ಬಲ್ಬಿರಲಿಲ್ಲ, ಅಕ್ಕಿಕಾಳಿನಂಥ ಎಲ್‌ಇಡಿಗಳಿದ್ದವು. ಇದನ್ನೇ ಸಾಲಾಗಿ ಕಟ್ಟಿ ನಿಮ್ಮ ತೊಟ್ಟಿಗೆ ಹಾಕಿಕೊಡುತ್ತೇನೆ, ಬ್ಯಾಟರಿಯ ಮೇಲೆ ಉರಿಯುತ್ತದೆ, ಕಾವೂ ಇರುವುದಿಲ್ಲ ಎಂದು ಅಂದೇಬಿಟ್ಟಳು. ಅಂದ ಮೇಲೆ ಮಾಡಬೇಕಲ್ಲ.

ಎಲ್‌ಇಡಿ ತರಿಸಿಕೊಟ್ಟವನು ಮುರುಗಪ್ಪ. ಚಿತ್ರದುರ್ಗದಲ್ಲಿ ಅವನ ಮೀನಿನ ಅಂಗಡಿ. ವಾರಕ್ಕೊಮ್ಮೆ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನು ತುಂಬಿಕೊಂಡು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸುತ್ತುತ್ತಿದ್ದ. ಟೀಚರ ತೊಟ್ಟಿಯಲ್ಲಿ ಮೀನು, ಗಿಡ ಎರಡೂ ಸುಖವಾಗಿದ್ದರೆ ತನ್ನ ಗಿರಾಕಿಗಳಿಗೆಲ್ಲ ಕಾಳಕ್ಕನ ದೀಪವನ್ನೇ ಹಾಕಿಸುತ್ತೇನೆಂದು ಅವನು ಹೇಳಿದ. ಕಾಳಕ್ಕನಿಗೆ ಬೇಕಾಗಿದ್ದದ್ದು ಅದೇ.

ಮೊದಲ ದಿನ ಅರ್ಧ ಎಲ್‌ಇಡಿಗಳು ಹತ್ತಲೇ ಇಲ್ಲ. ಸೀರಿಯಲ್ ಬಲ್ಬಿಗೆ ಹಿಂದುಮುಂದು ಎಂಬುದಿಲ್ಲ, ಹೇಗೆ ಕಟ್ಟಿದರೂ ಉರಿಯುತ್ತದೆ. ಎಲ್‌ಇಡಿಯ ಎರಡು ಕಾಲುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಉದ್ದನೆಯದು ಬ್ಯಾಟರಿಯ ಪ್ಲಸ್ಸಿನ ಕಡೆಗೇ ಹೋಗಬೇಕು. ಕಾಲು ನೋಡಿ ಕೂರಿಸಬೇಕಾದ ಇಂಥ ದಿಮಾಕಿನ ಬೀಗರನ್ನು ತಾನು ಕಂಡಿರಲಿಲ್ಲವೆಂದು ಗೊಣಗುತ್ತ ಅಷ್ಟನ್ನೂ ಕಿತ್ತು ಮತ್ತೆ ಹಾಕಿದಳು. ಮೂರು ಮೂರು ಎಲ್‌ಇಡಿಗಳನ್ನು ಸರದಂತೆ ಕಟ್ಟಿ, ಕರೆಂಟು ಹೆಚ್ಚು ನುಗ್ಗದಂತೆ ಒಂದೊಂದು ಸರಕ್ಕೂ ಒಂದು ರೆಸಿಸ್ಟರು ಕೊಟ್ಟಳು. ಹಳೆಯ ಟ್ಯೂಬ್‌ಲೈಟಿನ ಪಟ್ಟಿಗೆ ಕೈ ಡ್ರಿಲ್ಲಿನಲ್ಲಿ ತೂತು ಹೊಡೆದು ಕಾಳು ಬಿತ್ತಿದ ಹಾಗೆ ಸಾಲಾಗಿ ಇಳಿಸಿದಳು. ನೀರಿನ ಆವಿ ಬೆಸುಗೆಯನ್ನು ತಿನ್ನದಿರಲೆಂದು ಕೆಳಗೊಂದು ಗಾಜಿನ ಪಟ್ಟಿ ಕೂರಿಸಿ, ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದಳು. ಕರೆಂಟಿದ್ದಾಗ ಬ್ಯಾಟರಿ ತುಂಬಿಕೊಳ್ಳಲು ಚಾರ್ಜರು.

ಹೊತ್ತಿಸಿದಾಗ ತೊಟ್ಟಿಯ ನೀರೆಲ್ಲ ಬೆಳದಿಂಗಳಾಯಿತು. ಟೀಚರ ಮಕ್ಕಳು ಊಟ ಬಿಟ್ಟು ಅದರ ಮುಂದೆ ಕುಳಿತರು. ಟೀಚರು ಪಟ್ಟಿಯನ್ನು ಹಿಂದೆ ಮುಂದೆ ನೋಡಿ, "ಸ್ವಿಚ್ ಎಲ್ಲೈತೆ ಕಾಳಕ್ಕ?" ಎಂದರು.

"ಸ್ವಿಚ್ ಯಾಕ್ರಿ ಟೀಚರ್? ಆರ್ಸಾಕ? ಹಚ್ಚಿದ್ದು ಹಚ್ಚಿದ ಹಂಗೆ ಇರ್ಲಿ ಬಿಡ್ರಿ. ನಮ್ಮ ಮನೆ ದೀಪ ಅದು."

ಟೀಚರು ನಕ್ಕು, ಮಕ್ಕಳನ್ನು ಊಟಕ್ಕೆ ಎಬ್ಬಿಸಿದರು.

ಮೂರ್ನಾಲ್ಕು ವಾರ ಬೀದಿಯ ಹೆಂಗಸರೆಲ್ಲ ನೋಡಿ ಹೋಗಿದ್ದೇ ಹೋಗಿದ್ದು. ಆಮೇಲೆ ನೀರಿಗೆ ತೆಳ್ಳಗೆ ಹಸಿರು ಬಣ್ಣ ತಿರುಗಿತು. ಗಾಜಿಗೆ ಪಾಚಿ ಹತ್ತಿತು. ಮೀನುಗಳು ಕಲ್ಲಿನ ಸಂದಿಗೆ ಮೂತಿ ತೂರಿಸಿ, ಹಾಕಿದ ಕಾಳನ್ನೂ ಮುಟ್ಟದೆ ನಿಂತಿರತೊಡಗಿದವು. ಒಂದು ಸತ್ತೂ ಹೋಯಿತು. ದಸರಾ ರಜೆಗೆ ಟೀಚರು ಹೊಳಲ್ಕೆರೆಯ ತವರಿಗೆ ಹೊರಟವರು ತೊಟ್ಟಿಯನ್ನೇ ಕಾಳಕ್ಕನ ಮನೆಗೆ ಹೊರಿಸಿಕೊಂಡು ಬಂದರು. ಬಿರುಸಾಗಿ ಒಂದು ಮಾತೂ ಆಡಲಿಲ್ಲ. ಬರುವಷ್ಟರಲ್ಲಿ ಸರಿಹೋದರೆ ಆಯಿತು, ಇಲ್ಲದಿದ್ದರೆ ಉಳಿದವನ್ನು ಮುರುಗಪ್ಪನಿಗೇ ವಾಪಸು ಕೊಟ್ಟುಬಿಡೋಣ, ಮಕ್ಕಳ ಕಣ್ಣೆದುರಿಗೆ ಸಾಯುವುದು ಬೇಡ ಎಂದಷ್ಟೇ ಹೇಳಿದರು. ಮುರುಗಪ್ಪನಿಗೆ ವಾಪಸು ಹೋದರೆ ಎಲ್ಲ ಮುಗಿದಂತೆಯೇ.

ತಪ್ಪು ಬೆಸುಗೆಯಲ್ಲಿದೆ ಎಂದುಕೊಂಡಳು ಕಾಳಕ್ಕ. ಒಂದೊಂದು ಗಂಟನ್ನೂ ಬೆರಳಲ್ಲಿ ಸವರಿ ನೋಡಿದಳು, ಎಲ್ಲ ಗಟ್ಟಿ. ಹಾಗಾದರೆ ಬೆಳಕು ಸಾಲದಾಗಿದೆ ಎಂದುಕೊಂಡು, ಉಳಿದಿದ್ದ ಎಲ್‌ಇಡಿಗಳಿಂದ ಇನ್ನೊಂದು ಸಾಲು ಕಟ್ಟಿ ಸೇರಿಸಿದಳು. ನೀರು ಇನ್ನಷ್ಟು ಹಸಿರಾಯಿತು. ಮರುದಿನ ಇನ್ನೊಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಅದನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತು ಬಂದು, ಅಂದು ಒಲೆಯನ್ನೇ ಹೊತ್ತಿಸಲಿಲ್ಲ.

ಆ ವಾರ ಹಿಂಗಾರು ಮಳೆ ಗುಡುಗಿನೊಂದಿಗೆ ಬಂತು. ಬೀದಿಗೆಲ್ಲ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು, ಕೊನೆಯ ಕಂಬದ ಟಿ.ಸಿ., ಸುಟ್ಟಿತು. ಸುಟ್ಟ ಟಿ.ಸಿ. ಹೊಸದುರ್ಗದಲ್ಲಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬ್ಯಾಟರಿ ಒಂದೂವರೆ ದಿನ ಎಳೆಯಿತು. ಆಮೇಲೆ ಬೆಳಕು ಕೆಂಪಾಗದೆ, ಮಿಣುಕದೆ, ಸುಮ್ಮನೆ ತೆಳುವಾಗುತ್ತ ಆಗುತ್ತ ಇಲ್ಲವಾಯಿತು. ದಾಸಣ್ಣನ ಮನೆಯಲ್ಲಿ ಹಚ್ಚಿದ ದೀಪ ಹೊತ್ತಿಗೆ ಮುಂಚೆ ಆರಿದ್ದು ಅದೇ ಮೊದಲು. ಪಕ್ಕದ ಮನೆಯ ಸಿದ್ದಕ್ಕ ಇಣುಕಿ ನೋಡಿಯಾಳೆಂದು ಕಾಳಕ್ಕ ಬಾಗಿಲು ಮುಂದೆ ಮಾಡಿಕೊಂಡಳು. ಗಾಳಿ ಗುಳ್ಳೆ ಬಿಡುವ ಪಂಪೂ ನಿಂತಿತ್ತು. ಮೀನುಗಳಿಗೆ ಉಸಿರು ಕಟ್ಟಬಾರದಲ್ಲ. ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಮೇಲೆತ್ತಿ, ಚಹಾ ಆರಿಸುವವರ ಹಾಗೆ ಧಾರೆಯಾಗಿ ಮತ್ತೆ ತೊಟ್ಟಿಗೇ ಸುರಿಯುತ್ತ ಕುಳಿತಳು. ತೋಳು ಸೋತರೆ ಇನ್ನೊಂದು ತೋಳು. ಹಾಗೆಯೇ ದಿನಗಳು ಹೋದವು.

ಒಂದು ಬೆಳಿಗ್ಗೆ ಚೊಂಬು ಅದ್ದಿದಾಗ ಕೈಗೆ ಏನೋ ತಗುಲಿತು. ಮೀನು. ಕಲ್ಲಿನ ಸಂದಿಯಿಂದ ಹೊರಬಂದು, ಹೊಟ್ಟೆಗೇನಾದರೂ ಉಂಟೋ ಎಂದು ಅವಳ ಬೆರಳನ್ನು ಮೂತಿಯಿಂದ ದೂಡುತ್ತಿತ್ತು. ಕಾಳು ಹಾಕಿದಳು, ಉಳಿದವೂ ಬಂದವು, ಒಂದರ ಮೇಲೊಂದು ಬಿದ್ದು ತಿಂದವು. ನೋಡುತ್ತಾಳೆ, ನೀರಿನ ಹಸಿರೂ ತೆಳುವಾಗಿ ಆಚೆಯ ಗೋಡೆ ಕಾಣುತ್ತಿದೆ.

ಕಾಳಕ್ಕ ಚೊಂಬು ಕೆಳಗಿಟ್ಟು ಅಲ್ಲೇ ಕುಳಿತಳು. ಮುತ್ತಜ್ಜನ ಮಂದೆಯ ಕಥೆಯನ್ನು ಅವಳು ನೂರು ಸಲ ಕೇಳಿದ್ದಳು. ಅದರಲ್ಲಿ ಯಾರೂ ಎತ್ತಿ ಆಡದ ಸಂಗತಿಯೊಂದಿತ್ತು. ನಾಲ್ಕು ಮೂಲೆಗೂ ಬೆಂಕಿ ಉರಿಯುವಾಗ ಕುರಿಗಳು ಬೆಂಕಿಗೆ ಬೆನ್ನು ಹಾಕಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಮಲಗುತ್ತಿದ್ದವಂತೆ. ಬೆಂಕಿ ಇದ್ದದ್ದು ತೋಳಕ್ಕೆ. ಕುರಿಗೆ ಬೇಕಾಗಿದ್ದದ್ದು ಕತ್ತಲೆ. ಮದುವೆಮನೆಯ ಜನ ಒಂದು ರಾತ್ರಿ ಎಚ್ಚರಿದ್ದು ಮರುದಿನ ಮಲಗುತ್ತಾರೆ. ಈ ಬಡಪಾಯಿಗಳನ್ನು ತಾನು ವಾರಗಟ್ಟಲೆ ಮದುವೆಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದಳು. ಪಾಚಿಗೆ ಮಾತ್ರ ಹಗಲೂ ರಾತ್ರಿ ಹಬ್ಬ.

ಬಸ್‌ಸ್ಟ್ಯಾಂಡಿನ ಬಳಿಯ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಸ್ವಿಚ್ ಕೇಳಿದಳು. ಅಂಗಡಿಯವನು ಯಾವ ಥರದ್ದು ಎಂದಾಗ, ಚೆನ್ನಾಗಿ ಆರಿಸುವಂಥದ್ದು ಕೊಡು ಎಂದಳಂತೆ. ಹೆಚ್ಚಿಗೆ ಸೇರಿಸಿದ್ದ ಸಾಲನ್ನು ಕಿತ್ತುಹಾಕಿ, ಪಟ್ಟಿಯ ತುದಿಗೆ ಸ್ವಿಚ್ ಕೂರಿಸಿದಳು. ಕರೆಂಟು ಬಂದ ದಿನ ಸಂಜೆ ದೀಪ ಹಚ್ಚಿ, ಊಟವಾದ ಮೇಲೆ ತಾನೇ ಆರಿಸಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಿದ್ದಳು. ಅಪ್ಪನಿಗೆ ತಾನು ಏನೋ ಅನ್ಯಾಯ ಮಾಡುತ್ತಿದ್ದೇನೆ ಅನ್ನಿಸಿತು. ಆರಿಸಿದ ಮೇಲೆ ಹಾಗೇನೂ ಅನ್ನಿಸಲಿಲ್ಲ.

ರಜೆ ಮುಗಿಸಿ ಬಂದ ಟೀಚರಿಗೆ ಕಾಳಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಸತ್ತ ಎರಡು ಮೀನು ತನ್ನ ಲೆಕ್ಕಕ್ಕೇ ಎಂದಳು. ಟೀಚರು ತೊಟ್ಟಿಯನ್ನು ದೀಪ ಸಮೇತ ಮನೆಗೆ ಕೊಂಡೊಯ್ದರು. ಆ ವಾರ ಬಂದ ಮುರುಗಪ್ಪ ಟೀಚರ ಮನೆಯಲ್ಲಿ ಗಿಡ ಚಿಗುರಿದ್ದನ್ನು ಕಂಡು, ನಡೆದದ್ದನ್ನೆಲ್ಲ ಕೇಳಿಕೊಂಡು, ಸೀದಾ ಕಾಳಕ್ಕನ ಪಡಸಾಲೆಗೆ ಬಂದು ಕುಳಿತ. ಸದ್ಯಕ್ಕೆ ನಾಲ್ಕು ದೀಪ ಮಾಡಿಕೊಡಲಿ, ಹಿರಿಯೂರಿನ ಗಿರಾಕಿಗಳು ಒಪ್ಪಿದರೆ ಮುಂದಿನದು ಆಮೇಲೆ ನೋಡೋಣ ಎಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಈ ಸಲ ಸ್ವಿಚ್ ಮರೀಬ್ಯಾಡ ಕಣಕ್ಕ. ನಿಮ್ಮ ವಂಶದ ಮರ್ಯಾದಿಗೆ ನನ್ನ ಮೀನು ಸಾಯ್ಬೇಕಾ?" ಎಂದ.

"ನಿನ್ನ ಬಾಯಿಗೂ ಒಂದು ಸ್ವಿಚ್ ಹಾಕ್ತೀನಿ, ಹೋಗು ಅತ್ಲಾಗೆ," ಎಂದಳು ಕಾಳಕ್ಕ. ಬಹಳ ದಿನದ ಮೇಲೆ ಅವಳ ಹುಬ್ಬಿನ ಗಂಟು ಸಡಿಲವಾಗಿತ್ತು.

ದೀಪಾವಳಿ ಕಳೆದ ಭಾನುವಾರ ಹನುಮೇಶ ಬಂದ. ಕೊಟ್ಟ ಮಾತನ್ನು ನೆನಪಿಸಲು ಬಂದವನು ಪಡಸಾಲೆಯಲ್ಲಿ ಹರಡಿದ್ದ ಪಟ್ಟಿ, ತಂತಿ, ಬೆಸುಗೆಯ ಸೀಸ ಎಲ್ಲವನ್ನೂ ನೋಡಿದ. ಅಕ್ಕ ಎಲ್‌ಇಡಿಯ ಕಾಲುಗಳನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಉದ್ದ ಯಾವುದು, ಗಿಡ್ಡ ಯಾವುದು ಎಂದು ನೋಡುತ್ತಿದ್ದದ್ದು ಅವನಿಗೆ ಕಂಡಿತು. ನಾಲ್ಕು ದೀಪ ಎಂಬುದೇನು ದೊಡ್ಡ ಕೆಲಸವಲ್ಲವೆಂದೂ ಅವನಿಗೆ ಗೊತ್ತಿತ್ತು. ಆದರೂ ಅವನು ಈ ಸಲ ಕೆಲಸ ಬಿಡು ಎನ್ನಲಿಲ್ಲ. ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಿದ್ದಾನಂತೆ, ಅಲ್ಲೇ ಬೆಸುಗೆ ಹಾಕಿಕೊಂಡಿರಬಹುದು. ಕಣ್ಣಿಗೆ ಆಯಾಸವಾದರೆ ರೇಡಿಯೋ ರಿಪೇರಿಯ ಹುಡುಗರು ಗೊತ್ತಿದ್ದಾರೆ, ಅವರ ಕೈಯಲ್ಲಿ ಮಾಡಿಸೋಣ. ಸಾಮಾನು ಸಾಗಿಸಲು ಗಾಡಿಯನ್ನೂ ಹೇಳಿ ಬಂದಿದ್ದಾನೆ. ಜಯಶೀಲಾ ಕಿಟಕಿಗೆ ಪರದೆ ಹೊಲಿದಿದ್ದಾಳೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಹೇಳುತ್ತಲೇ ಬಗ್ಗಿ, ಅವಳು ತೂತು ಹೊಡೆಯಲು ಇಟ್ಟಿದ್ದ ಪಟ್ಟಿ ಜಾರದಂತೆ ಹಿಡಿದುಕೊಳ್ಳಲು ಕೈ ಚಾಚಿದ.

ಕಾಳಕ್ಕ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರ ಒಂದು ತುದಿಯನ್ನು ಹಿಮ್ಮಡಿಯ ಕೆಳಗೆ ಅದುಮಿ, ಕೈ ಡ್ರಿಲ್ಲಿನ ಮೊನೆಯನ್ನು ಗುರುತಿನ ಮೇಲೆ ನಿಲ್ಲಿಸಿದಳು.

"ಬ್ಯಾಡ ಕಣೋ ಹನುಮೇಶ. ಗಾಡಿಯೋನ್ಗೆ ಬರಬ್ಯಾಡ ಅಂತ ಹೇಳು. ಜಯಶೀಲಾ ಬೇಜಾರು ಮಾಡ್ಕಂತಾಳೆ, ನಾನೇ ಬಂದು ಮಾತಾಡ್ತೀನಿ. ಪರದೆ ಹಂಗೇ ಇರ್ಲಿ, ಬಂದಾಗ ನಾಕು ದಿನ ಮಲಗಿ ಬರ್ತೀನಿ. ಕಣ್ಣು ಮಬ್ಬಾಗೈತೆ, ಇಲ್ಲ ಅನ್ನಲ್ಲ, ಬೆರಳಿಗೆ ಇನ್ನೂ ಗೊತ್ತಾಗ್ತೈತೆ. ಆಗ್ದೇ ಹೋದ ದಿನ ನಾನೇ ಬಾಯಿಬಿಟ್ಟು ಕರೀತೀನಿ, ನೀನಾಗಿ ಬರಬ್ಯಾಡ. ಈಗ ಕೈ ತೆಗಿ ಅಲ್ಲಿಂದ. ಪಟ್ಟಿ ಹಿಡ್ಕಳಾಕೆ ನನ್ನ ಕಾಲೇ ಸಾಕು."